ತುದಿಮೊದಲಿಲ್ಲದ ತಿರುಗುಗುಂಡಿ

ಜಯನಗರ, ಬನಶಂಕರಿಗಳ ಬೀದಿಗಳಲ್ಲಿ ಬೆಳಗಿನ ಹೊತ್ತು ನಡೆದುಹೋಗುವವರಿಗೆ ಯಾವುದಾದರೊಂದು ಮನೆಯ ಕಿಟಕಿಯಿಂದ ತಂಬೂರಿಯ ನಾದ ಕೇಳಿಬರುವುದು ಹೊಸತಲ್ಲ. ಆದರೆ ಆ ಮನೆಯಲ್ಲಿ ತಂಬೂರಿಯೇ ಇರಬೇಕೆಂಬ ನಿಯಮವಿಲ್ಲ. ಎಚ್.ಎ.ಎಲ್.ನಲ್ಲಿ ಎಂಜಿನಿಯರಾಗಿದ್ದ, ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಬೆಂಗಳೂರಿನಲ್ಲಿ ಇಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದಂದಿನಿಂದ ಶ್ರುತಿಯು ಬಿರಡೆಯನ್ನು ಬಿಟ್ಟು ಗುಂಡಿಗೆ ಬಂದಿತು. ಈಗ ಅದು ಗಣಕಯಂತ್ರದೊಳಕ್ಕೂ ಹೊಕ್ಕಿದೆ. ಅಲ್ಲಿ ಬಿರಡೆಯೂ ಇಲ್ಲ, ಗುಂಡಿಯೂ ಇಲ್ಲ. ಶ್ರುತಿಯನ್ನು ಕೂದಲೆಳೆಯಷ್ಟು ಸರಿಸಬೇಕಾದರೂ ಹಾಡುವವರು ಹಾಡನ್ನು ನಿಲ್ಲಿಸಿ, ಪರದೆಯ ಮೇಲೆ ಕಣ್ಣು ನೆಟ್ಟು, ಮೌಸನ್ನು ಎಳೆಯಬೇಕು.

ಹೀಗೆ ಕಳೆದುಹೋದ ಗುಂಡಿಯನ್ನು ಮತ್ತೆ ಕೈಗೆ ತಂದುಕೊಳ್ಳುವ ಉಪಾಯವೇ ಮನೆಯಲ್ಲಿ ಮಾಡಿಕೊಳ್ಳುವ ಮಿಡಿ ನಿಯಂತ್ರಕ. ಮಿಡಿ ಎಂಬುದು ವಾದ್ಯಗಳೂ ಗಣಕಯಂತ್ರಗಳೂ ಪರಸ್ಪರ ಆಡುವ ಭಾಷೆ. ಅಮೆರಿಕ, ಜಪಾನುಗಳ ವಾದ್ಯತಯಾರಕರು ಒಡಂಬಟ್ಟು 1983ರಲ್ಲಿ ಬಳಕೆಗೆ ತಂದದ್ದು. ಅದು ನಾದವನ್ನು ಸಾಗಿಸುವುದಿಲ್ಲ, ಆಜ್ಞೆಯನ್ನು ಸಾಗಿಸುತ್ತದೆ: ಇಂಥ ಸಂಖ್ಯೆಯ ನಿಯಂತ್ರಣಕ್ಕೆ ಇಂಥ ಬೆಲೆ. ಬೆಲೆಯು 0ಯಿಂದ 127ರವರೆಗೆ ಇರಬಹುದು.

ಹಳೆಯ ರೇಡಿಯೋದ ಗುಂಡಿಯಂಥದನ್ನೇ ಇದಕ್ಕೆ ಜೋಡಿಸಬಾರದೇಕೆ? ಜೋಡಿಸಬಹುದು; ಆದರೆ ಆ ಗುಂಡಿಗೆ ಎರಡು ತುದಿಗಳುಂಟು, ತಾನು ನಿಂತ ಸ್ಥಾನವನ್ನು ಅದು ಬಿಡುವುದಿಲ್ಲ. ಒಂದೇ ಗುಂಡಿಗೆ ಶ್ರುತಿ, ತಾಳದ ವೇಗ ಎರಡನ್ನೂ ವಹಿಸಿದರೆಂದು ಭಾವಿಸೋಣ. ವೇಗಕ್ಕಾಗಿ ತುದಿಯವರೆಗೆ ತಿರುಗಿಸಿದ ಗುಂಡಿಯನ್ನು ಮರಳಿ ಶ್ರುತಿಗಾಗಿ ಮುಟ್ಟಿದೊಡನೆ ಶ್ರುತಿಯು ಆ ತುದಿಗೆ ನೆಗೆಯುತ್ತದೆ. ಹಾಡುತ್ತಿರುವವರಿಗೆ ಕಾಲ ಕೆಳಗಿನ ನೆಲವೇ ಸರಿದಂತಾಗುತ್ತದೆ. ರೋಟರಿ ಎನ್‌ಕೋಡರ್ ಎಂಬ ಗುಂಡಿಗೆ ಈ ದೋಷವಿಲ್ಲ. ಅದಕ್ಕೆ ತುದಿಮೊದಲಿಲ್ಲ; ತಾನೆಲ್ಲಿರುವೆನೆಂಬುದನ್ನೂ ಅದು ಅರಿಯದು. 'ಬಲಕ್ಕೊಂದು ಹೆಜ್ಜೆ, ಎಡಕ್ಕೊಂದು ಹೆಜ್ಜೆ' ಎಂದಷ್ಟೇ ನುಡಿಯುತ್ತದೆ. ಇದ್ದ ಶ್ರುತಿಯ ನೆನಪು ಗಣಕಯಂತ್ರದಲ್ಲಿ ಉಳಿಯುತ್ತದೆ.

ಎಡಬಲಗಳನ್ನು ಅದು ತಿಳಿಯುವ ಬಗೆ ಸೊಗಸಾದುದು. ಗುಂಡಿಯೊಳಗೆ ಎರಡು ಸ್ವಿಚ್ಚುಗಳಿವೆ. ಒಂದು ಇನ್ನೊಂದಕ್ಕಿಂತ ತುಸು ಮುಂಚೆ ಕೂಡುತ್ತದೆ. ಸಕಾರ ಮೊದಲು, ರಕಾರ ಅನಂತರ ಬಂದರೆ 'ಸರ'. ಅವೇ ಅಕ್ಷರಗಳು ಹಿಂದುಮುಂದಾದರೆ 'ರಸ'. ಪ್ರದಕ್ಷಿಣವೋ ಅಪ್ರದಕ್ಷಿಣವೋ ಎಂಬುದನ್ನು ಆ ಕ್ರಮವೇ ಹೇಳುತ್ತದೆ. ಎರಡೂ ಬಿಟ್ಟಿರುವುದು, ಒಂದು ಕೂಡಿರುವುದು, ಎರಡೂ ಕೂಡಿರುವುದು, ಮತ್ತೊಂದು ಮಾತ್ರ ಕೂಡಿರುವುದು, ಹೀಗೆ ನಾಲ್ಕು ಸ್ಥಿತಿಗಳು. ಪ್ರತಿಸಲವೂ ಬದಲಾಗುವುದು ಒಂದೇ ಸ್ವಿಚ್ಚು. ಈ ಬಗೆಯ ಸಂಕೇತಕ್ಕೆ 1953ರಲ್ಲಿ ಪೇಟೆಂಟ್ ಪಡೆದ ಬೆಲ್ ಪ್ರಯೋಗಾಲಯದ ಫ್ರಾಂಕ್ ಗ್ರೇ ಅವರ ಹೆಸರೇ ನಿಂತಿದೆ. ಎರಡೂ ಒಮ್ಮೆಗೇ ಬದಲಾದಂತೆ ಕಂಡರೆ ಅದು ಸುಳ್ಳುಸುದ್ದಿಯೆಂದು ತಳ್ಳಿಬಿಡಬಹುದು.

ತಂತಿ ಜೋಡಿಸುವುದು ಕಠಿನವಲ್ಲ. ಬನಶಂಕರಿಯಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿಳಿದು ಎಸ್.ಪಿ. ರಸ್ತೆಗೆ ಹೋದರೆ ಇಂಥ ಬಿಡಿಭಾಗಗಳನ್ನು ಮಾರುವ ಅಂಗಡಿಗಳ ಸಾಲೇ ಇದೆ. ಸಾಮಾನ್ಯವಾದ ಎನ್‌ಕೋಡರಿನ ಒಂದು ಪಕ್ಕಕ್ಕೆ ಮೂರು ಕಾಲುಗಳು. ನಡುವಿನದು ನೆಲತಂತಿಗೆ, ಉಳಿದೆರಡು ಮೈಕ್ರೋಕಂಟ್ರೋಲರಿಗೆ. ಇನ್ನೊಂದು ಪಕ್ಕದ ಎರಡು ಕಾಲುಗಳು ಗುಂಡಿಯನ್ನು ಒತ್ತಿದಾಗ ಕೂಡುವ ಸ್ವಿಚ್ಚಿನವು. ಎಟಿಮೆಗಾ 32ಯು4 ಚಿಪ್ಪಿನ ಫಲಕವನ್ನು ಕೊಂಡರೆ ಅದು ಯು.ಎಸ್.ಬಿ. ಮೂಲಕ ತಾನೇ ಮಿಡಿ ಸಾಧನವೆಂದು ಪರಿಚಯ ಹೇಳಿಕೊಳ್ಳಬಲ್ಲದು.

ತೊಡಕು ಬರುವುದು ಲೋಹದ ಚಾಂಚಲ್ಯದಿಂದ. ಸ್ವಿಚ್ಚು ಕೂಡುವಾಗ ಕೆಲವು ಮಿಲಿಸೆಕೆಂಡುಗಳ ಕಾಲ ಪುಟಿಯುತ್ತದೆ. ಒಂದು ಹೆಜ್ಜೆಯು ಹಲವು ಹೆಜ್ಜೆಗಳಾಗಿ ತೋರುತ್ತದೆ. ಪ್ರತಿಯೊಂದು ತಂತಿಗೂ 10 ಕಿಲೋಓಮ್ ರೋಧಕವನ್ನೂ 0.01 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಸೇರಿಸಿದರೆ ಪುಟಿತ ಬಹುಮಟ್ಟಿಗೆ ಅಡಗುತ್ತದೆ. ಅನೇಕ ಎನ್‌ಕೋಡರುಗಳು ಬೆರಳಿಗೆ ತಾಗುವ ಒಂದು 'ಟಿಕ್'ನಲ್ಲಿ ನಾಲ್ಕೂ ಸ್ಥಿತಿಗಳನ್ನು ದಾಟುತ್ತವೆ. ನಾಲ್ಕು ಬದಲಾವಣೆಗಳಿಗೆ ಒಂದು ಹೆಜ್ಜೆಯೆಂದು ಎಣಿಸುವಂತೆ ಪ್ರೋಗ್ರಾಮು ಬರೆಯಬೇಕು. ದಿಕ್ಕು ತಿರುಗುಮುರುಗಾದರೆ ಬೆಸುಗೆ ಕೀಳಬೇಕಾಗಿಲ್ಲ. ಪ್ರೋಗ್ರಾಮಿನಲ್ಲಿ ಎರಡು ಕಾಲುಗಳ ಹೆಸರನ್ನು ಅದಲುಬದಲು ಮಾಡಿದರೆ 'ರಸ'ವು 'ಸರ'ವಾಗುತ್ತದೆ.

ಆದರೆ ನಿಜವಾದ ಎಚ್ಚರ ಬೇಕಾದದ್ದು ಅರ್ಥ ಹೊಂದಿಸುವಾಗ. ಬಲದ ಹೆಜ್ಜೆಗೆ 1, ಎಡದ ಹೆಜ್ಜೆಗೆ 127 ಎಂದು ಕಳಿಸುವುದು ಒಂದು ಪದ್ಧತಿ. 65 ಮತ್ತು 63 ಎಂಬುದು ಇನ್ನೊಂದು. ಕಳಿಸುವವರೂ ಕೇಳುವವರೂ ಒಂದೇ ಪದ್ಧತಿಗೆ ಒಪ್ಪಿರಬೇಕು. ಒಪ್ಪದೆ, ಕೇಳುವ ಪ್ರೋಗ್ರಾಮು 127ನ್ನು ನೇರವಾದ ಬೆಲೆಯೆಂದು ಬಗೆದರೆ, ಸದ್ದು ತಗ್ಗಿಸಲು ಎಡಕ್ಕೆ ತಿರುಗಿಸಿದ ಕ್ಷಣವೇ ಅದು ಶಿಖರಕ್ಕೇರಿ ಕಿವಿಗೆ ಅಪ್ಪಳಿಸುತ್ತದೆ. ಆದುದರಿಂದ ಮೊದಲ ಪರೀಕ್ಷೆಯನ್ನು ಹೆಡ್‌ಫೋನ್ ತೆಗೆದಿಟ್ಟು ಮಾಡುವುದೇ ವಿವೇಕ.

ಇನ್ನು ಹೆಜ್ಜೆಯ ಅಳತೆ. ಸ್ಥಾಯಿಯೊಂದಕ್ಕೆ 1200 ಸೆಂಟುಗಳು, ಅರ್ಧಸ್ವರಕ್ಕೆ 100. ಸುತ್ತಿಗೆ 20 ಹೆಜ್ಜೆಯ ಗುಂಡಿಯಲ್ಲಿ ಹೆಜ್ಜೆಗೊಂದು ಸೆಂಟಿಟ್ಟರೆ ಅರ್ಧಸ್ವರಕ್ಕೆ ಐದು ಸುತ್ತು ಬೇಕು. ಹೆಜ್ಜೆಗೊಂದು ಅರ್ಧಸ್ವರವಿಟ್ಟರೆ ಸೂಕ್ಷ್ಮವೇ ಇಲ್ಲವಾಗುತ್ತದೆ. ಗುಂಡಿಯ ಒತ್ತು ಒದಗುವುದು ಇಲ್ಲಿಯೇ. ಬರಿದೆ ತಿರುಗಿಸಿದರೆ ಒಂದು ಸೆಂಟು, ಒತ್ತಿ ತಿರುಗಿಸಿದರೆ ಒಂದು ಅರ್ಧಸ್ವರ ಎಂದು ಎರಡು ಬೇರೆ ಸಂಖ್ಯೆಗಳ ನಿಯಂತ್ರಣಗಳಿಗೆ ಗಂಟುಹಾಕಿದರಾಯಿತು.

ಆಗ ಮಧ್ಯಮ ಶ್ರುತಿಯ ಕೃತಿಯೊಂದನ್ನು ಹಾಡಬೇಕೆನ್ನುವವರು ಗುಂಡಿಯನ್ನು ಒತ್ತಿ ಐದು 'ಟಿಕ್' ಬಲಕ್ಕೆ ತಿರುಗಿಸಿದರೆ ಸಾಕು, ಆಧಾರಷಡ್ಜವು ಮಧ್ಯಮಕ್ಕೆ ಏರಿ ನಿಲ್ಲುತ್ತದೆ. ಹಾಡು ಮುಗಿದ ಮೇಲೆ ಐದು 'ಟಿಕ್' ಎಡಕ್ಕೆ. ಎಣಿಸಲು ಬೆರಳುಂಟು, ಒಪ್ಪಲು ಕಿವಿಯುಂಟು. ಕಣ್ಣನ್ನು ಮುಚ್ಚಿಕೊಂಡೇ ಇರಬಹುದು.