ಟ್ಯಾನರಿ ನೀರು: ಒಂದು ಹನಿಯೂ ಹೊರಗೆ ಬರಬಾರದೆ?

ಚರ್ಮ ಹದ ಮಾಡುವುದು ತಮಿಳುನಾಡಿನ ದಿಂಡಿಗಲ್ಲಿನ ಹಳೆಯ ಕಸುಬು. ಟ್ಯಾನರಿಗಳ ಮಾಲಿನ್ಯದ ವಿರುದ್ಧ ವೆಲ್ಲೂರು ನಾಗರಿಕರ ಕಲ್ಯಾಣ ವೇದಿಕೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಆಗಸ್ಟ್ 28ರಂದು ಕೊಟ್ಟ ತೀರ್ಪು ಈ ಜಿಲ್ಲೆಯನ್ನೂ ಬಿಡಲಿಲ್ಲ. ಈಗಿನ ಪ್ರಶ್ನೆ ಇಷ್ಟು: ಕೊಳೆನೀರನ್ನು ಪೂರ್ತಿ ಶುದ್ಧಮಾಡಿ ಮತ್ತೆ ಬಳಸಬೇಕು, ಹೊರಗೆ ಬಿಡಲೇಬಾರದು ಎಂಬ ನಿಯಮ ಸಣ್ಣ ಟ್ಯಾನರಿಗೂ ಬೇಕೆ?

ಪರ: ಕೆಟ್ಟ ಬಾವಿ ಯಾರ ಲೆಕ್ಕಕ್ಕೆ?

ಆ ತೀರ್ಪಿನಲ್ಲೇ ಒಂದು ಲೆಕ್ಕವಿದೆ. ದಿಂಡಿಗಲ್, ರೆಡ್ಡಿಯಾರ್‌ಛತ್ರಂ ಭಾಗದ 13 ಹಳ್ಳಿಗಳಲ್ಲಿ ಸ್ವಯಂಸೇವಾ ಸಂಸ್ಥೆಯೊಂದು ಸಮೀಕ್ಷೆ ಮಾಡಿದಾಗ 467 ಬಾವಿಗಳಲ್ಲಿ 350 ಕೆಟ್ಟಿದ್ದವು. ಹೆಂಗಸರು, ಮಕ್ಕಳು ಕುಡಿಯುವ ನೀರಿಗೆ ಮೈಲಿಗಟ್ಟಲೆ ನಡೆಯಬೇಕಿತ್ತು.

ಸಾಮಾನ್ಯ ಸಂಸ್ಕರಣೆಯಲ್ಲಿ ಕೊಳೆ, ಕ್ರೋಮಿಯಂ ತಳಕ್ಕೆ ಕೂರುತ್ತವೆ. ಕರಗಿದ ಉಪ್ಪು ನೀರಿನ ಜೊತೆಗೇ ಹೋಗುತ್ತದೆ. ಲೋಟದಲ್ಲಿ ಹಿಡಿದರೆ ತಿಳಿಯಾಗಿ ಕಾಣುವ ಆ ನೀರು ಬಾಳೆಯ ಬುಡಕ್ಕೆ ಹರಿದರೆ ಎಲೆಯ ಅಂಚು ಸುಡುತ್ತದೆ. ಇಲ್ಲಿಯದು ಬಂಡೆಯ ನೆಲ. ಕೊಡಗನಾರು ಹೊಳೆ ಮಳೆ ಬಂದಾಗಷ್ಟೇ ಹರಿಯುತ್ತದೆ. ಹಾಗಾಗಿ ಇಂಗಿದ ಉಪ್ಪು ಬಾವಿಯಲ್ಲೇ ಉಳಿಯುತ್ತದೆ. ಚರ್ಮ ಕೊಳೆಯದಂತೆ ಹಚ್ಚಿದ ಉಪ್ಪನ್ನು ನೆನೆಹಾಕುವ ಮೊದಲೇ ಕೊಡವಿದರೆ ಸಾಕು ಎನ್ನುವವರುಂಟು. ಎಷ್ಟು ಕೊಡವಿದರೂ ಒಳಗೆ ಹಿಡಿದದ್ದು ನೀರಿಗೇ ಇಳಿಯುತ್ತದೆ. ಸಣ್ಣವರಿಗೆ ವಿನಾಯಿತಿ ಕೊಟ್ಟರೆ ಖರ್ಚು ಇಲ್ಲವಾಗದು, ಪಕ್ಕದ ಹೊಲದವನ ತಲೆಗೆ ಬೀಳುತ್ತದೆ. ಕೆಡಿಸಿದವನೇ ತೆರಬೇಕು ಎಂದು ಕೋರ್ಟು ಹೇಳಿದ್ದು ಇದಕ್ಕೇ.

ವಿರೋಧ: ಉಪ್ಪನ್ನು ಬಾಗಿಲಲ್ಲೇ ತಡೆಯಿರಿ

ಬಾವಿ ಕೆಟ್ಟದ್ದು ನಿಜ. ಆದರೆ ಉಪ್ಪು ಬಂದ ದಾರಿ ನೋಡಿ. ಹಸಿ ಚರ್ಮ ಕೊಳೆಯದಿರಲೆಂದು ಉಪ್ಪು ಸವರಿ ತರುತ್ತಾರೆ. ಇಬ್ಬರು ಎರಡು ತುದಿ ಹಿಡಿದು ಕೊಡವಿದರೆ ಹರಳು ಉದುರುತ್ತದೆ, ಗುಡಿಸಿ ತೆಗೆಯಬಹುದು. ಕೊಡವದೆ ನೆನೆಹಾಕಿದರೆ ಅಷ್ಟೂ ತೊಟ್ಟಿಯ ಪಾಲು. ಆಮೇಲೆ ಅದನ್ನು ಬೇರ್ಪಡಿಸಲು ಆರ್‌ಒ ಘಟಕ, ಅಲ್ಲಿ ಉಳಿದ ಗಾಢ ಉಪ್ಪುನೀರನ್ನು ಕುದಿಸಿ ಆವಿಮಾಡುವ ಯಂತ್ರ, ಅದಕ್ಕೆ ಉರುವಲು, ಕರೆಂಟು. ಕಡೆಗೆ ಸಿಗುವುದು ಕೊಳ್ಳುವವರಿಲ್ಲದ ಕೊಳಕು ಉಪ್ಪಿನ ರಾಶಿ. ಮಳೆಗೆ ನೆನೆದರೆ ಅದೂ ನೆಲಕ್ಕೇ.

ಈ ಹೊರೆಯನ್ನು ದೊಡ್ಡ ರಫ್ತುದಾರ ಹೊತ್ತಾನು. ಕೂಲಿಗೆ ಹದ ಮಾಡಿಕೊಡುವವನು ಬಾಗಿಲು ಹಾಕುತ್ತಾನೆ, ಆಳುಗಳು ಕೆಲಸ ಹುಡುಕಿಕೊಂಡು ತಿರುಪ್ಪೂರಿನ ಬಸ್ಸು ಹತ್ತುತ್ತಾರೆ. ಬಿಗಿ ಮಾಡುವುದಾದರೆ ಮೊದಲ ಹಂತದಲ್ಲೇ ಮಾಡಿ: ಕೊಡವದ ಚರ್ಮ ತೊಟ್ಟಿಗೆ ಇಳಿಯಕೂಡದು. ಒಳಗೆ ಹಿಡಿದ ಉಪ್ಪು ಹೆಚ್ಚಾಗಿ ಬಿಡುವುದು ಮೊದಲ ನೆನೆನೀರಿನಲ್ಲಿ. ಅದೊಂದನ್ನು ಬೇರೆ ಕಾಲುವೆಯಲ್ಲಿ ಹರಿಸಿ, ತಳ ಸೋರದ ಕಟ್ಟೆಯಲ್ಲಿ ಒಣಗಿಸಲಿ. ದಿಂಡಿಗಲ್ಲಿನ ಬಿಸಿಲಿಗೆ ಕರೆಂಟ್ ಬಿಲ್ ಬರುವುದಿಲ್ಲ.