ನೋಟಿಫಿಕೇಶನ್: ಸದ್ದಡಗಿಸುವ ಹೊಣೆ ಯಾರದು?

ಬ್ಯಾಂಕೋ ಬಟ್ಟೆ ಅಂಗಡಿಯೋ ಎಸ್‌ಎಂಎಸ್‌ ಕಳಿಸಿದರೆ, ಕಳಿಸಿದವರ ಹೆಸರಿನ ಕೊನೆಗೆ ಈಗ ಒಂದು ಇಂಗ್ಲಿಷ್ ಅಕ್ಷರ ಅಂಟಿಕೊಂಡಿರುತ್ತದೆ. ‘ಪಿ’ ಇದ್ದರೆ ಅದು ಪ್ರಚಾರ, ‘ಎಸ್‌’ ಇದ್ದರೆ ಸೇವೆಗೆ ಸಂಬಂಧಿಸಿದ್ದು, ‘ಟಿ’ ಇದ್ದರೆ ಹಣದ ವಹಿವಾಟಿನದು, ‘ಜಿ’ ಇದ್ದರೆ ಸರ್ಕಾರದ್ದು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್‌) 2018ರ ತನ್ನ ನಿಯಮಾವಳಿಗೆ 2025ರ ಫೆಬ್ರುವರಿಯಲ್ಲಿ ತಂದ ತಿದ್ದುಪಡಿಯ ಫಲ ಇದು. ಅದಕ್ಕೂ ಬಹಳ ಮೊದಲು, 2010ರ ನಿಯಮಾವಳಿಯಲ್ಲೇ ರಾತ್ರಿ 9ರಿಂದ ಬೆಳಿಗ್ಗೆ 9ರವರೆಗೆ ಪ್ರಚಾರದ ಕರೆ, ಸಂದೇಶಗಳಿಗೆ ತಡೆ ಹಾಕಲಾಗಿತ್ತು. ‘1909’ಕ್ಕೆ ತಿಳಿಸಿ ಬೇಡದ ಬಗೆಯ ಸಂದೇಶಗಳನ್ನು ನಿಲ್ಲಿಸುವ ಹಕ್ಕೂ ಗ್ರಾಹಕರಿಗಿದೆ. ಆದರೆ ಅದೇ ಬಟ್ಟೆ ಅಂಗಡಿ ಅದೇ ರಿಯಾಯಿತಿಯ ಸುದ್ದಿಯನ್ನು ಆ್ಯಪ್‌ ಮೂಲಕ ನೋಟಿಫಿಕೇಶನ್‌ ಆಗಿ ನಡುರಾತ್ರಿ ಕಳಿಸಿದರೆ ಈ ಯಾವ ನಿಯಮವೂ ಅನ್ವಯಿಸದು. ಮೊಬೈಲ್ ಕೈಯಲ್ಲಿ ಹಿಡಿದವರಿಗೆ ಎರಡರ ಸದ್ದೂ ಒಂದೇ. ಕಾನೂನಿಗೆ ಮಾತ್ರ ಒಂದು ಕೇಳಿಸುತ್ತದೆ, ಇನ್ನೊಂದು ಕೇಳಿಸುವುದಿಲ್ಲ.

ಈ ಕೊರತೆಯ ಬಗ್ಗೆ ಚರ್ಚೆಯೇ ನಡೆಯದಿರಲು ಒಂದು ಕಾರಣ, ನೋಟಿಫಿಕೇಶನ್‌ ಕಾಟವನ್ನು ನಾವು ಬಳಕೆದಾರರ ಮನೋನಿಗ್ರಹದ ಪ್ರಶ್ನೆಯಾಗಿ ಮಾಡಿಕೊಂಡಿರುವುದು. ಬೇಡವಾದರೆ ಆಫ್‌ ಮಾಡಿ, ಬಂದರೂ ನೋಡಬೇಡಿ ಎಂಬ ಉಪದೇಶಕ್ಕೆ ಬರವಿಲ್ಲ. ನೋಡದಿದ್ದರೆ ತೊಂದರೆ ಇಲ್ಲ ಎಂಬ ಮಾತನ್ನು ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗ ಅಲ್ಲಗಳೆಯುತ್ತದೆ. ಗಮನವಿಟ್ಟು ಮಾಡಬೇಕಾದ ಕೆಲಸವೊಂದರಲ್ಲಿ ತೊಡಗಿದ್ದವರಿಗೆ ನಡುನಡುವೆ ಕರೆ ಅಥವಾ ಸಂದೇಶ ಬರುವಂತೆ ಮಾಡಲಾಯಿತು. ಅವರು ಫೋನನ್ನು ಮುಟ್ಟದಿದ್ದರೂ ತಪ್ಪುಗಳು ಹೆಚ್ಚಿದವು. ಅಂದರೆ ನಷ್ಟ ಆಗುವುದು ಪರದೆಯನ್ನು ನೋಡಿದಾಗಲ್ಲ, ಸದ್ದು ಕಿವಿಗೆ ಬಿದ್ದಾಗಲೇ. ನೋಡಬೇಕೋ ಬೇಡವೋ ಎಂದು ತೀರ್ಮಾನಿಸುವಷ್ಟರಲ್ಲಿ ಮನಸ್ಸು ಆಗಲೇ ಬೇರೆಡೆ ಹೋಗಿರುತ್ತದೆ.

ಹಾಗಿದ್ದರೆ ಎಲ್ಲವನ್ನೂ ಒಟ್ಟಿಗೆ ಬಾಯಿ ಮುಚ್ಚಿಸಿಬಿಡಬಹುದಲ್ಲ? ಅದೂ ನಾವಂದುಕೊಂಡಷ್ಟು ಸಲೀಸಲ್ಲ. ಪೆನ್‌ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಮೆಂಗ್‌ಚಿ ಲಿಯಾವೊ ಮತ್ತು ಎಸ್‌. ಶ್ಯಾಮ್‌ ಸುಂದರ್‌ 2022ರಲ್ಲಿ ಪ್ರಕಟಿಸಿದ ಅಧ್ಯಯನ 138 ಐಫೋನ್ ಬಳಕೆದಾರರ ಬಳಕೆಯ ದಾಖಲೆಗಳನ್ನು ನೋಡಿತು. ಫೋನನ್ನು ಸೈಲೆಂಟ್‌ನಲ್ಲಿ ಇಟ್ಟವರು, ಸದ್ದು ಅಥವಾ ಕಂಪನ ಇಟ್ಟುಕೊಂಡವರಿಗಿಂತ ಹೆಚ್ಚು ಸಲ ಫೋನ್‌ ತೆಗೆದು ನೋಡಿದ್ದರು. ಏನೋ ತಪ್ಪಿಹೋಗುತ್ತಿದೆ ಎಂಬ ಅಳುಕು ಹೆಚ್ಚಿರುವವರಲ್ಲಿ ಈ ಚಾಳಿ ಇನ್ನೂ ಜೋರು. 2019ರ ಮತ್ತೊಂದು ಅಧ್ಯಯನದಲ್ಲಿ, ನೋಟಿಫಿಕೇಶನ್‌ಗಳನ್ನು ಒಟ್ಟುಗೂಡಿಸಿ ದಿನಕ್ಕೆ ಮೂರು ಹೊತ್ತು ಮಾತ್ರ ತಲುಪಿಸಿದಾಗ ಜನರ ಗಮನ, ಮನಃಸ್ಥಿತಿ ಎರಡೂ ಸುಧಾರಿಸಿದವು. ಒಂದೂ ತಲುಪದಂತೆ ಮಾಡಿದ ಗುಂಪಿನಲ್ಲಿ ಆತಂಕ ಹೆಚ್ಚಿತು. ಇವು ಚಿಕ್ಕ ಗುಂಪುಗಳ ಮೇಲೆ ನಡೆದ ಅಧ್ಯಯನಗಳು, ಸೈಲೆಂಟ್‌ ಇಡುವವರ ಸ್ವಭಾವವೇ ಬೇರೆಯಿರಬಹುದು ಎಂಬ ತಕರಾರು ನ್ಯಾಯವಾದದ್ದೇ. ಆದರೂ ಇವೆಲ್ಲ ತೋರಿಸುವ ದಿಕ್ಕು ಒಂದೇ. ಜನರಿಗೆ ಬೇಕಿರುವುದು ಸಂಪೂರ್ಣ ಮೌನವಲ್ಲ. ಬೇಕಾದದ್ದು ಬರಬೇಕು, ಬೇಡದ್ದು ನಿಲ್ಲಬೇಕು.

ತೊಡಕಿರುವುದು ಇಲ್ಲಿಯೇ. ಹೀಗೆ ಬೇರ್ಪಡಿಸುವ ಮೊರವನ್ನು ಬಳಕೆದಾರರ ಕೈಗೆ ಯಾರೂ ಪೂರ್ತಿಯಾಗಿ ಕೊಟ್ಟಿಲ್ಲ. ಗೂಗಲ್ 2017ರಲ್ಲಿ ಆ್ಯಂಡ್ರಾಯ್ಡ್‌ 8ರ ಜೊತೆ ‘ಚಾನೆಲ್‌’ ವ್ಯವಸ್ಥೆ ತಂದಿತು. ಒಂದೇ ಆ್ಯಪ್‌ನ ಬೇರೆ ಬೇರೆ ಬಗೆಯ ನೋಟಿಫಿಕೇಶನ್‌ಗಳನ್ನು ಬಿಡಿಬಿಡಿಯಾಗಿ ಆಫ್‌ ಮಾಡಬಹುದು ಎಂಬುದು ಅದರ ಆಶಯ. ಆದರೆ ಯಾವುದು ಯಾವ ಚಾನೆಲ್‌ನಲ್ಲಿ ಬರಬೇಕು ಎಂದು ನಿರ್ಧರಿಸುವವರು ಆ್ಯಪ್‌ ತಯಾರಿಸಿದವರೇ. ‘ನಿಮ್ಮ ಊಟ ಹೊರಟಿದೆ’ ಎಂಬ ಮಾಹಿತಿಯನ್ನೂ ‘ಮಳೆ ಬರ್ತಿದೆ, ಬಿಸಿಬಿಸಿ ಬಜ್ಜಿ ಬೇಡವೇ?’ ಎಂಬ ಪುಸಲಾಯಿಸುವಿಕೆಯನ್ನೂ ಒಂದೇ ಚಾನೆಲ್‌ಗೆ ತುರುಕಿದರೆ ಬಳಕೆದಾರರು ಏನು ಮಾಡಬೇಕು? ಬಜ್ಜಿಯ ಕಾಟ ತಪ್ಪಿಸಿಕೊಳ್ಳಲು ಊಟದ ಸುದ್ದಿಯನ್ನೂ ಬಿಡಬೇಕು. ಆ್ಯಂಡ್ರಾಯ್ಡ್‌ 13ರಿಂದ, ಅಂದರೆ 2022ರಿಂದ, ಹೊಸ ಆ್ಯಪ್‌ಗಳು ನೋಟಿಫಿಕೇಶನ್‌ಗೆ ಮೊದಲು ಅನುಮತಿ ಕೇಳಬೇಕು, ನಿಜ. ಆದರೆ ಕೇಳುವುದು ಒಂದೇ ಸಲ, ಕೇಳುವುದು ಎಲ್ಲಕ್ಕೂ ಸೇರಿಸಿ. ಆ್ಯಪಲ್‌ನ ಕಥೆ ಇನ್ನೂ ಸ್ವಾರಸ್ಯದ್ದು. ನೋಟಿಫಿಕೇಶನ್‌ಗಳನ್ನು ಜಾಹೀರಾತಿಗೆ ಬಳಸಕೂಡದು ಎಂದು ಅದರ ಆ್ಯಪ್‌ ಸ್ಟೋರ್ ನಿಯಮ ವರ್ಷಗಳ ಕಾಲ ಹೇಳುತ್ತಿತ್ತು, ಪಾಲಿಸುವವರು ವಿರಳವಾಗಿದ್ದರು. 2020ರಲ್ಲಿ ಕಂಪನಿ ನಿಯಮವನ್ನೇ ಸಡಿಲಿಸಿ, ಬಳಕೆದಾರರ ಸ್ಪಷ್ಟ ಒಪ್ಪಿಗೆ ಇದ್ದರೆ ಸರಿ ಎಂದಿತು.

ಈ ಕಲಬೆರಕೆಯ ಬೆಲೆ ಬರೀ ಕಿರಿಕಿರಿಯಲ್ಲ. ಖಾತೆಯಿಂದ ಯಾರೋ ಹಣ ಎಗರಿಸಿದಾಗ ಅದರಲ್ಲಿ ಗ್ರಾಹಕರ ತಪ್ಪಾಗಲೀ ಬ್ಯಾಂಕಿನ ತಪ್ಪಾಗಲೀ ಇಲ್ಲದಿದ್ದರೆ, ಸೂಚನೆ ಸಿಕ್ಕ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ನಷ್ಟದ ಹೊರೆ ಇಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ. ತಡವಾದಷ್ಟೂ ಹೊಣೆ ಗ್ರಾಹಕರ ತಲೆಗೆ. ಇಂಥ ಕಡೆ ಒಂದು ಸೂಚನೆ ಕಣ್ಣಿಗೆ ಬೀಳುವುದಕ್ಕೂ ಬೀಳದಿರುವುದಕ್ಕೂ ಹಣದ ಲೆಕ್ಕದಲ್ಲೇ ವ್ಯತ್ಯಾಸವಿದೆ. ಸಾಲದ ಆಮಿಷ, ಕ್ರೆಡಿಟ್ ಕಾರ್ಡ್‌ ಕೊಡುಗೆ, ಹಬ್ಬದ ಶುಭಾಶಯ ಎಲ್ಲವೂ ಒಂದೇ ಆ್ಯಪ್‌ನಿಂದ ಒಂದೇ ಸದ್ದಿನಲ್ಲಿ ಬರತೊಡಗಿದರೆ, ಆ ಸದ್ದಿಗೆ ಕಿವುಡಾಗುವುದು ಸಹಜ. ಎಸ್‌ಎಂಎಸ್‌ ಕಡ್ಡಾಯ ಇರುವುದರಿಂದ ಬ್ಯಾಂಕಿನ ವಿಷಯದಲ್ಲಿ ಒಂದು ರಕ್ಷಣೆಯಾದರೂ ಉಳಿದಿದೆ; ಉಳಿದ ಸೇವೆಗಳಲ್ಲಿ ಅದೂ ಇಲ್ಲ. ಬೆಂಗಳೂರಿನಲ್ಲಿ ಊಟ, ದಿನಸಿ ತಲುಪಿಸುವ ಹುಡುಗರಿಗಂತೂ ಆ್ಯಪ್‌ನ ಸದ್ದೇ ದಿನದ ದುಡಿಮೆ. ಅವರಿಗೆ ಸೈಲೆಂಟ್‌ ಎಂಬ ಆಯ್ಕೆಯೇ ಇಲ್ಲ. (ರಾತ್ರಿ ಹತ್ತಕ್ಕೂ ವಾಟ್ಸ್‌ಆ್ಯಪ್‌ ಗುಂಪಿನಲ್ಲಿ ವರದಿ ಕೇಳುವ ಮೇಲಧಿಕಾರಿಗಳ ಕಾಟ ಬೇರೆಯೇ ಸಂಗತಿ. ಫ್ರಾನ್ಸ್‌ 2017ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಜಾರಿಗೆ ತಂದಂಥ, ಕೆಲಸದ ಹೊತ್ತು ಮುಗಿದ ಮೇಲೆ ಉತ್ತರಿಸದಿರುವ ಹಕ್ಕಿನ ಕಾರ್ಮಿಕ ಕಾನೂನು ಅದಕ್ಕೆ ಬೇಕು.)

ಆದ್ದರಿಂದ ಎಸ್‌ಎಂಎಸ್‌ಗೆ ಇರುವ ವಿಂಗಡಣೆ ನೋಟಿಫಿಕೇಶನ್‌ಗೂ ಬರಲಿ. ಪ್ರಚಾರವನ್ನು ಪ್ರಚಾರವೆಂದೇ ಗುರುತಿಸಿ ಕಳಿಸುವುದು ಕಡ್ಡಾಯವಾಗಲಿ, ಅದರ ಚಾನೆಲ್‌ ಮೊದಲಿನಿಂದಲೇ ಮುಚ್ಚಿರಲಿ, ಬೇಕೆನ್ನುವವರು ತೆರೆದುಕೊಳ್ಳಲಿ. ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಸಣ್ಣ ವ್ಯಾಪಾರಿಗಳದು. ದೊಡ್ಡ ಜಾಹೀರಾತಿಗೆ ದುಡ್ಡಿಲ್ಲದವರಿಗೆ ಗ್ರಾಹಕರನ್ನು ತಲುಪಲು ಇರುವ ಅಗ್ಗದ ದಾರಿ ಇದು ಎನ್ನುತ್ತಾರೆ. ಈ ವಾದದಲ್ಲಿ ಹುರುಳಿದೆ. ಆದರೆ ಪ್ರತಿಯೊಬ್ಬರೂ ಕೂಗುವ ಸಂತೆಯಲ್ಲಿ ಕೇಳಿಸುವುದು ದೊಡ್ಡ ಗಂಟಲಿನವರ ದನಿಯೇ. ತಾವಾಗಿ ಚಾನೆಲ್‌ ತೆರೆದ ನೂರು ಗ್ರಾಹಕರು ಸಣ್ಣ ಅಂಗಡಿಗೆ ಹೆಚ್ಚು ಲಾಭದವರು. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಎಸ್‌ಎಂಎಸ್‌, ಕರೆಗಳ ಮೇಲೆ ಇಷ್ಟೆಲ್ಲ ನಿಯಮ ಹೇರಿಯೂ ಕಾಟ ನಿಂತಿಲ್ಲ, ಇನ್ನು ಇದು ನಿಲ್ಲುತ್ತದೆಯೇ? ಕರೆಗಳ ಕಾಟ ನಿಲ್ಲದಿರಲು ಕಾರಣ, ಯಾರೋ ಯಾವುದೋ ಹತ್ತಂಕಿಯ ಸಂಖ್ಯೆಯಿಂದ ಮಾಡಿ ಮಾಯವಾಗುವುದು. ನೋಟಿಫಿಕೇಶನ್‌ನಲ್ಲಿ ಈ ಕಣ್ಣಾಮುಚ್ಚಾಲೆಗೆ ಆಸ್ಪದವಿಲ್ಲ. ಹೆಸರಿಲ್ಲದ ಆ್ಯಪ್‌ನಿಂದ ಅದು ಬರಲಾರದು. ದೂರದಿಂದ ಬರುವ ಬಹುಪಾಲು ನೋಟಿಫಿಕೇಶನ್‌ಗಳು ಆ್ಯಪಲ್‌ ಅಥವಾ ಗೂಗಲ್‌ನ ಸರ್ವರ್‌ ಹಾದೇ ಬರಬೇಕು. ಈ ಹಾದಿ ಎಷ್ಟು ಇಕ್ಕಟ್ಟಿನದೆಂದರೆ, ಸರ್ಕಾರಗಳು ನೋಟಿಫಿಕೇಶನ್‌ ದಾಖಲೆಗಳಿಗಾಗಿ ಈ ಎರಡು ಕಂಪನಿಗಳನ್ನೇ ಕೇಳುತ್ತಿವೆ ಎಂದು ಅಮೆರಿಕದ ಸೆನೆಟರ್ ರಾನ್ ವೈಡನ್ 2023ರ ಡಿಸೆಂಬರ್‌ನಲ್ಲಿ ಬಹಿರಂಗಪಡಿಸಿದ್ದರು. ಕಾವಲು ಹಾಕಬೇಕಾದ ಬಾಗಿಲು ಎರಡೇ ಇರುವಾಗ, ಜಾರಿ ಅಸಾಧ್ಯ ಎಂಬ ವಾದ ನಿಲ್ಲುವುದಿಲ್ಲ.

ಬಳಕೆದಾರರೇ ಅನುಮತಿ ಕೊಟ್ಟಿದ್ದಾರಲ್ಲ ಎಂಬುದು ಕಂಪನಿಗಳ ಕೊನೆಯ ಗುರಾಣಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ 30ರಂದು ಹೊರಡಿಸಿದ ಮಾರ್ಗಸೂಚಿ, ಆನ್‌ಲೈನ್‌ ವ್ಯಾಪಾರದಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ತಂತ್ರಗಳನ್ನು ಪಟ್ಟಿ ಮಾಡಿದೆ. ಲಾಭಕ್ಕಾಗಿ ಪದೇ ಪದೇ ಅಡ್ಡಿಪಡಿಸಿ ಪೀಡಿಸುವುದು ಅದರಲ್ಲೊಂದು. ಆದರೆ ಬಳಕೆದಾರರು ನಿರ್ದಿಷ್ಟವಾಗಿ ಅನುಮತಿಸಿದ್ದರೆ ಅದು ಪೀಡನೆಯಲ್ಲ ಎಂಬ ವಿನಾಯಿತಿಯೂ ಅಲ್ಲೇ ಇದೆ. ಆ್ಯಪ್‌ ಹಾಕಿಕೊಂಡ ದಿನ ಒತ್ತಿದ ಒಂದೇ ಒಂದು ‘ಅನುಮತಿಸಿ’ ಗುಂಡಿ, ಊಟದ ಸುದ್ದಿಗೂ ಬಜ್ಜಿಯ ಆಮಿಷಕ್ಕೂ ಸೇರಿ ನಿರ್ದಿಷ್ಟ ಅನುಮತಿ ಆಗುವುದಾದರೆ ಆ ವಿಶೇಷಣಕ್ಕೆ ಅರ್ಥವೇ ಉಳಿಯದು. ಸೇವೆಗೆ ಕೊಟ್ಟ ಅನುಮತಿ ಪ್ರಚಾರಕ್ಕೆ ಕೊಟ್ಟದ್ದಲ್ಲ ಎಂಬ ಒಂದು ವಿವರಣೆಯನ್ನು ಮಾರ್ಗಸೂಚಿಗೆ ಸೇರಿಸಿದರೆ ಕೆಲಸ ಶುರುವಾಗುತ್ತದೆ. ಇದು ಟ್ರಾಯ್‌ನ ವ್ಯಾಪ್ತಿಗೆ ಬರುವುದೋ ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ ಸೇರಿದ್ದೋ ಎಂಬ ಜಗ್ಗಾಟ ಮುಗಿಯುವವರೆಗೆ ಕಾಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 18ನೇ ಸೆಕ್ಷನ್ ಕೊಟ್ಟಿರುವ ಅಧಿಕಾರದಲ್ಲೇ ಆ ಮಾರ್ಗಸೂಚಿ ಹೊರಟಿತ್ತು. ತಿದ್ದಲು ಬೇಕಾದ ಅಧಿಕಾರವೂ ಅಷ್ಟೇ.