ಮಕ್ಕಳ ಕೈಗೆ ಘೋಷಣೆ ಬೇಡ, ಬಾಟಲಿ ಕೊಡಿ

ಮಾರ್ಚ್ 22 ಬಂತೆಂದರೆ ನಮ್ಮ ಶಾಲೆಗಳಲ್ಲಿ ವಿಶ್ವ ಜಲ ದಿನ. ಮಕ್ಕಳು ಹನಿಯ ಚಿತ್ರ ಬರೆಯುತ್ತಾರೆ, ಪ್ರಭಾತಫೇರಿ ಹೊರಡುತ್ತದೆ, ಅತಿಥಿಗಳು ನೀರು ಉಳಿಸಿ ಎನ್ನುತ್ತಾರೆ. ಹಿತ್ತಲಲ್ಲಿ ಕೈ ತೊಳೆಯುವ ನಳ ಸೋರುತ್ತಲೇ ಇರುತ್ತದೆ. ಕುಡಿಯುವ ನೀರಿನ ಯೋಜನೆಗಳಲ್ಲಿಯೇ ಸರ್ಕಾರಿ ಸೇವೆ ಮುಗಿಸಿದ ನಾನೂ ಅಂಥ ಅತಿಥಿಯಾಗಿ ಎಷ್ಟೋ ಸಲ ಭಾಷಣ ಮಾಡಿದ್ದೇನೆ. ಅದರಿಂದ ಒಂದು ಚರಿಗೆ ನೀರೂ ಉಳಿದಿರಲಿಕ್ಕಿಲ್ಲ.

ಕಳೆದ ವರ್ಷ ಒಂದು ಶಾಲೆಯಲ್ಲಿ ಭಾಷಣ ಬಿಟ್ಟು, ಏಳನೆಯ ತರಗತಿಯ ಮಕ್ಕಳ ಕೈಗೆ ಒಂದು ಲೀಟರಿನ ಬಾಟಲಿ ಮತ್ತು ಗಡಿಯಾರ ಕೊಟ್ಟೆ. ನಳ ತಿರುವಿ ಹಿಡಿದರು. ಹತ್ತು ಸೆಕೆಂಡಿಗೆ ತುಂಬಿತು. ಅಂದರೆ ನಿಮಿಷಕ್ಕೆ 6 ಲೀಟರ್. ನಳ ಬಿಟ್ಟುಕೊಂಡೇ ಮೂರು ನಿಮಿಷ ಹಲ್ಲುಜ್ಜಿದರೆ 18 ಲೀಟರ್, ಒಂದು ಕೊಡಕ್ಕಿಂತ ಹೆಚ್ಚು. ಲೆಕ್ಕ ಅವರೇ ಮಾಡಿದರು. ಆಮೇಲೆ ಸೋರುವ ನಳದ ಕೆಳಗೆ ಬಾಟಲಿ ಇಟ್ಟರು. ನಲವತ್ತು ನಿಮಿಷದ ಪಿರಿಯಡ್ ಮುಗಿಯುವಷ್ಟರಲ್ಲಿ ತುಂಬಿತ್ತು. ದಿನಕ್ಕೆ 36 ಲೀಟರ್! ಮರುದಿನವೇ ಮುಖ್ಯಗುರುಗಳು ವಾಷರ್ ಹಾಕಿಸಿದರು. (ಎಷ್ಟು ತಿಂಗಳಿಂದ ಸೋರುತ್ತಿತ್ತೋ, ನಾನು ಕೇಳಲಿಲ್ಲ.)

ಮನೆಯಲ್ಲಿ ಒಂದು ದಿನ ಬಳಸುವ ನೀರನ್ನು ಕೊಡ, ಬಕೆಟ್ ಲೆಕ್ಕದಲ್ಲಿ ಬರೆದು ತರಲು ಹೇಳಿದೆ. ಪೇಟೆಯ ಹುಡುಗನೊಬ್ಬನದೇ 180 ಲೀಟರ್ ಆಗಿತ್ತು. ಪಕ್ಕದ ಹಳ್ಳಿಯ ಹುಡುಗಿಗೆ ಬರೆದು ತರುವ ಅಗತ್ಯವೇ ಇರಲಿಲ್ಲ. "ಎಂಟು ಕೊಡ್ರಿ ಸರ್, ಐದು ಮಂದಿಗೆ. ತರಾಕಿ ನಾನ ಅಲ್ರೀ, ಲೆಕ್ಕ ಗೊತ್ತೈತಿ" ಎಂದಳು. ಕೊಡಕ್ಕೆ 15 ಲೀಟರ್ ಹಿಡಿದರೆ ತಲೆಗೆ 24 ಲೀಟರ್. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎನ್ನುತ್ತದೆ. ಒಳಚರಂಡಿ ಇರುವ ಪಟ್ಟಣಕ್ಕೆ 135 ಲೀಟರ್ ಎಂದು ನಾವು ಅಂದಾಜು ಪಟ್ಟಿಯಲ್ಲಿ ಬರೆಯುತ್ತಿದ್ದೆವು. ಬರೆದದ್ದು ಯಾರ ಮನೆಗೆ ಎಷ್ಟು ಮುಟ್ಟಿತೆಂಬುದು ಆ ಹುಡುಗಿಯ ಸೊಂಟಕ್ಕೆ ಗೊತ್ತು.

ಶಿಕ್ಷಕರು ಹುಡುಗನನ್ನು ಗದರಿಸಲು ಹೋದರು, ನಾನು ಬೇಡವೆಂದೆ. ಅವನು ಕದ್ದಿಲ್ಲ, ನೀರನ್ನು ಅಳತೆಯಲ್ಲಿ ಎಂದೂ ಕಂಡಿರಲಿಲ್ಲ, ಅಷ್ಟೆ. ಇನ್ನು ಆ ಹುಡುಗಿಗೆ "ನೀರು ಉಳಿಸು" ಎಂದು ಬೋಧಿಸುವುದು ನನ್ನ ದೃಷ್ಟಿಯಲ್ಲಿ ಕ್ರೌರ್ಯ. ಒಂದೇ ಘೋಷಣೆಯನ್ನು ಇಬ್ಬರ ಬಾಯಲ್ಲೂ ಹೇಳಿಸುತ್ತೇವಲ್ಲ, ನಮ್ಮ ಜಲಜಾಗೃತಿಯ ದೋಷ ಇರುವುದು ಅಲ್ಲಿಯೇ.

ಉಳಿಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಮಕ್ಕಳಿಗೆ ತೋರಿಸಬೇಕು. ವಾರಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಪೈಪಿನ ಮೊದಲಿನ ಓಣಿಯವರು ತೊಟ್ಟಿ ತುಂಬಿ ಹರಿದರೂ ನಳ ಕಟ್ಟುವುದಿಲ್ಲ. ಒತ್ತಡ ಕುಸಿದು, ಎತ್ತರದಲ್ಲಿರುವ ಕೊನೆಯ ಓಣಿಗೆ ಬರೀ ಗಾಳಿ. ಕೊನೆಯ ಓಣಿ ಸಾಮಾನ್ಯವಾಗಿ ಯಾರದೆಂದು ಓದುಗರಿಗೆ ನಾನು ಹೇಳಬೇಕಿಲ್ಲ. ಮಕ್ಕಳನ್ನು ಒಂದು ಬೆಳಿಗ್ಗೆ ನೀರುಗಂಟಿಯ ಜೊತೆ ಕಳಿಸಿ. ವಾಲ್ವ್ ತಿರುಗಿಸುತ್ತ ಆತ ಹೇಳಿಕೊಡುವುದು ನನ್ನ ಇಂಜಿನಿಯರಿಂಗ್ ಪದವಿಗಿಂತ ಮೇಲು. ದಾಸೋಹವೆಂದರೆ ಹಂಚಿ ಉಣ್ಣುವುದು ಎನ್ನುವ ನಾವು ನೀರಿನ ಪಾಲನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ಸಾವಿರಾರು ಮಕ್ಕಳಿದ್ದಾರೆ. ಬಾಟಲಿ, ಗಡಿಯಾರಕ್ಕೆ ದೇಣಿಗೆ ಎತ್ತಬೇಕಿಲ್ಲ. ಬರುವ ಸೋಮವಾರವೇ ಶುರು ಮಾಡಬಹುದು. ಮೊದಲು ಅಳೆಯಬೇಕಾದದ್ದು ದಾಸೋಹ ಮನೆಯ ಹೊರಗೆ ಕೈ ತೊಳೆಯುವ ನಳಗಳನ್ನು. ಬಂದ ಲೆಕ್ಕವನ್ನು ಮಕ್ಕಳು ದೊಡ್ಡ ಅಕ್ಷರದಲ್ಲಿ ಬರೆದು ಅಲ್ಲಿಯೇ ಗೋಡೆಗೆ ಹಚ್ಚಲಿ, ಪೂಜ್ಯರ ಕಣ್ಣಿಗೂ ಬೀಳುವಂತೆ.